ಮಳೆಗಾಲಕ್ಕೆ ತಡೆಯುವ ಬೆಸುಗೆ: ಯಾವ ಲೀಡ್, ಯಾವ ಪೇಸ್ಟ್?

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷ ಆಯಿತು. ಮನೆ ಉಡುಪಿಯ ಅಂಬಲಪಾಡಿಯಲ್ಲಿ. ಹುಡುಗನಾಗಿದ್ದಾಗಿನ ರೇಡಿಯೋ ಹುಚ್ಚು ಈಗ ಮತ್ತೆ ಹಿಡಿದಿದೆ. ಎಫ್‌ಎಂ ಕಿಟ್ ಜೋಡಿಸಿದೆ. ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸುವ ಸರ್ಕ್ಯೂಟ್ ಒಂದನ್ನೂ ಮಾಡಿದೆ. ಅಂಗಡಿಯಲ್ಲಿ ಕೊಟ್ಟ ದಪ್ಪ ಲೀಡ್ (ಸೋಲ್ಡರ್ ತಂತಿ), ಸಣ್ಣ ಡಬ್ಬಿಯ ಹಳದಿ ಪೇಸ್ಟ್ ಬಳಸುತ್ತೇನೆ. ಬೇಸಿಗೆಯಲ್ಲಿ ಎಲ್ಲ ಸರಿ ಇತ್ತು. ಜುಲೈ ಬಂದದ್ದೇ ತಡ, ಪಂಪ್ ತನ್ನಷ್ಟಕ್ಕೇ ಆನ್ ಆಫ್ ಆಗತೊಡಗಿತು. ಬಿಚ್ಚಿ ನೋಡಿದರೆ ಬೆಸುಗೆಯ ಸುತ್ತ ಹಸಿರು ಕಿಲುಬು. ಇದಕ್ಕಿಂತ ಒಳ್ಳೆಯ ಸೋಲ್ಡರ್ ಯಾವುದು?

ಉತ್ತರ: ಮಂಗಳೂರಿನ ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಾನು ಕೈಯಾರೆ ಮಾಡಿದ ಟ್ಯಾಂಕ್ ಸರ್ಕ್ಯೂಟ್ ಮಳೆ ಹಿಡಿದ ದಿನ ಟಕಟಕ ಅಂತ ರಿಲೇ (ಪಂಪನ್ನು ಆನ್ ಆಫ್ ಮಾಡುವ ಸ್ವಿಚ್) ಬಡಿಯುತ್ತಿತ್ತು, ಬಿಸಿಲು ಬಂದರೆ ಸುಮ್ಮನಾಗುತ್ತಿತ್ತು. ರಿಲೇ ಬದಲಿಸಿದೆ, ಐಸಿ ಬದಲಿಸಿದೆ, ಸರಿಯಾಗಲಿಲ್ಲ. ಕೊನೆಗೆ ಪವರ್ ತೆಗೆದು, ಬೋರ್ಡಿನ ಬಿಡಿಭಾಗಗಳನ್ನೂ ಕಿತ್ತು, ಪಕ್ಕಪಕ್ಕದ ಎರಡು ಟ್ರ್ಯಾಕ್‌ಗಳಿಗೆ (ಬೋರ್ಡಿನ ತಾಮ್ರದ ಗೆರೆಗಳಿಗೆ) ಮಲ್ಟಿಮೀಟರ್ ಇಟ್ಟೆ. ನಡುವೆ ಯಾವ ಸಂಪರ್ಕವೂ ಇರಬಾರದ ಜಾಗ ಅದು. ಮೀಟರ್ ಕೆಲವು ಮೆಗಾಓಮ್ ತೋರಿಸಿತು. ಬೋರ್ಡಿನ ಮೇಲೆ ಉಳಿದಿದ್ದ ಪೇಸ್ಟ್ ಗಾಳಿಯ ತೇವ ಎಳೆದುಕೊಂಡು ತಾನೇ ತಂತಿಯ ಹಾಗೆ ಕೆಲಸ ಮಾಡುತ್ತಿತ್ತು. ನೀರು ಗುರುತಿಸುವ ಸರ್ಕ್ಯೂಟಿಗೆ ಅಷ್ಟು ಸಣ್ಣ ಕರೆಂಟೇ ಸಾಕು. ನೀರು ಬಂತು ಅಂತ ಅದು ನಂಬಿಬಿಡುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಮೊದಲು ಆರಿಸಬೇಕಾದದ್ದು ಫ್ಲಕ್ಸ್, ಅಂದರೆ ನಿಮ್ಮ ಡಬ್ಬಿಯಲ್ಲಿರುವ ಪೇಸ್ಟಿನಂಥದ್ದು. ಸೋಲ್ಡರ್ ಆಮೇಲೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಒಣ ಹವೆಯ ಊರಿನಲ್ಲಿ ಹತ್ತು ವರ್ಷ ನಡೆಯುವ ಬೋರ್ಡ್ ಇಲ್ಲಿ ಒಂದೇ ಮಳೆಗಾಲಕ್ಕೆ ಹಸಿರಾಗುವುದು ಇದಕ್ಕೇ.

ಫ್ಲಕ್ಸ್ ಏನು ಮಾಡುತ್ತದೆ? ಕಲಾಯಿ ಹಾಕುವವರನ್ನು ನೀವು ನೋಡಿಯೇ ಇರುತ್ತೀರಿ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ತಾಗಿಸಿ ಬಟ್ಟೆಯಿಂದ ಸವರುತ್ತಿದ್ದರು. ನವಸಾಗರ ಬಿದ್ದಲ್ಲಿ ಮಾತ್ರ ತವರ ಹಿಡಿಯುತ್ತಿತ್ತು, ಅಲ್ವಾ? ತಾಮ್ರದ ಮೇಲಿನ ಕಪ್ಪು ಪದರವನ್ನು ಅದು ತಿಂದು ಹಾಕುತ್ತದೆ, ಆಗ ತವರಕ್ಕೆ ಶುದ್ಧ ಲೋಹ ಸಿಗುತ್ತದೆ. ನಮ್ಮ ಬೆಸುಗೆಯಲ್ಲಿ ಫ್ಲಕ್ಸ್ ಮಾಡುವುದೂ ಇದನ್ನೇ. ವ್ಯತ್ಯಾಸ ಒಂದು. ಕಲಾಯಿ ಆದ ಮೇಲೆ ಪಾತ್ರೆಯನ್ನು ನೀರಿನಲ್ಲಿ ತೊಳೆಯುತ್ತಿದ್ದರು. ನಾವು ಬೋರ್ಡನ್ನು ಹಾಗೇ ಪೆಟ್ಟಿಗೆಯೊಳಗೆ ಮುಚ್ಚಿಡುತ್ತೇವೆ.

ಅಗ್ಗದ ಡಬ್ಬಿ ಪೇಸ್ಟುಗಳಲ್ಲಿ ಕೆಲವು ನವಸಾಗರದ ಅಥವಾ ಝಿಂಕ್ ಕ್ಲೋರೈಡಿನ ಜಾತಿಯವು. ತಗಡಿನ ಕೆಲಸಕ್ಕೆ, ಪೈಪಿನ ಕೆಲಸಕ್ಕೆ ಅವು ಒಳ್ಳೆಯವೇ. ಬೋರ್ಡಿಗೆ ಮಾತ್ರ ಬೇಡವೇ ಬೇಡ. ಅದರಲ್ಲಿ ಉಳಿಯುವ ಕ್ಲೋರೈಡ್ ತೇವ ಸಿಕ್ಕಿದಾಗಲೆಲ್ಲ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ನಿಮ್ಮ ಡಬ್ಬಿ ಯಾವುದು ಅಂತ ತಿಳಿಯಲು ಒಂದು ದಾರಿ ಇದೆ. ಹೊಳೆಯುವ ತಾಮ್ರದ ತಂತಿಗೆ ಪೇಸ್ಟ್ ಸವರಿ, ಸೋಲ್ಡರಿಂಗ್ ಐರನ್ನಿನಿಂದ ಬಿಸಿ ಮಾಡಿ, ಬಚ್ಚಲಿನ ಕಿಟಕಿಯಲ್ಲಿ ಒಂದು ವಾರ ಇಡಿ. ನೀಲಿ ಹಸಿರು ಪುಡಿ ಎದ್ದರೆ ಆ ಡಬ್ಬಿಯನ್ನು ಬೋರ್ಡಿನಿಂದ ದೂರ ಇಡಿ. ರೋಸಿನ್ ಅನ್ನುವ ಇನ್ನೊಂದು ಜಾತಿಯ ಫ್ಲಕ್ಸ್ ಕೂಡ ಕೆಲವೊಮ್ಮೆ ತುಸು ಹಸಿರಾಗುತ್ತದೆ. ಆದರೆ ಅದು ಗಾಜಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ, ಪುಡಿ ಏಳುವುದಿಲ್ಲ.

ರೋಸಿನ್ ಅಂದರೆ ಪೈನ್ ಮರದ ಅಂಟಿನಿಂದ ತೆಗೆದದ್ದು. ಪಿಟೀಲಿನ ಕಮಾನಿಗೆ ಉಜ್ಜುತ್ತಾರಲ್ಲ, ಅದೇ. ತಣ್ಣಗಿದ್ದಾಗ ತನ್ನ ಪಾಡಿಗೆ ಇರುತ್ತದೆ, ಬಿಸಿಯಾದಾಗ ಮಾತ್ರ ಕೆಲಸಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದು ಇದೇ ಗುಣ. ಪೆನ್ನಿನಲ್ಲಿ, ಸಿರಿಂಜಿನಲ್ಲಿ ಸಿಗುವ ಫ್ಲಕ್ಸ್ ಕೊಳ್ಳುವುದಾದರೆ ‘ಆರ್‌ಎಂಎ’ ಅಂತ ಬರೆದದ್ದನ್ನು ನೋಡಿ. ಮೆದುವಾಗಿ ಚುರುಕುಗೊಳಿಸಿದ ರೋಸಿನ್ ಅಂತ ಅರ್ಥ.

ಇನ್ನು ಸೋಲ್ಡರ್. ಹೊಟ್ಟೆಯೊಳಗೆ ರೋಸಿನ್ ಇರುವ 63/37 ತಂತಿ ಕೊಳ್ಳಿ. 63 ಪಾಲು ತವರ, 37 ಪಾಲು ಸೀಸ. 183 ಡಿಗ್ರಿಯಲ್ಲಿ ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. 60/40 ಹಾಗಲ್ಲ. ಸುಮಾರು 190ರಿಂದ 183 ಡಿಗ್ರಿಗೆ ಇಳಿಯುವಷ್ಟು ಹೊತ್ತು ಹಿಟ್ಟಿನ ಹದದಲ್ಲಿರುತ್ತದೆ. ಆ ಕ್ಷಣದಲ್ಲಿ ಕೈ ಅಲುಗಿದರೆ ಬೆಸುಗೆ ಒಳಗೇ ಬಿರುಕು ಬಿಡುತ್ತದೆ. ವಯಸ್ಸಾದ ಮೇಲೆ ಕೈ ಸ್ವಲ್ಪ ನಡುಗುವುದು ಸಹಜ, ಅದಕ್ಕೇ ನಿಮಗೆ 63/37 ಹೇಳುತ್ತಿದ್ದೇನೆ. ಸಿಗದಿದ್ದರೆ 60/40 ಕೂಡ ಒಳ್ಳೆಯದೇ. ಸುರುಳಿಯ ಮೇಲೆ ತವರದ ಪಾಲು ಎಷ್ಟು ಅಂತ ಮಾತ್ರ ಓದಿ ನೋಡಿ. ತವರ 40, ಸೀಸ 60 ಇರುವ ತಂತಿಯೂ ಇದೆ. ಅದು ಪೂರ್ತಿ ಕರಗಲು ಸುಮಾರು 238 ಡಿಗ್ರಿ ಬೇಕು.

ದಪ್ಪ ತಂತಿ ಬಿಡಿ. 22 ಗೇಜ್ ಕೇಳಿ, ಅಂದರೆ 0.7 ಮಿಲಿಮೀಟರ್. ದಪ್ಪ ತಂತಿಯಲ್ಲಿ ಎಷ್ಟು ಸೋಲ್ಡರ್ ಬೀಳುತ್ತದೆ ಅನ್ನುವುದು ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ.

ಹೊಸ ಬೋರ್ಡ್, ಹೊಸ ಬಿಡಿಭಾಗಗಳಾದರೆ ತಂತಿಯೊಳಗಿನ ರೋಸಿನ್ನೇ ಸಾಕು, ಬೇರೆ ಪೇಸ್ಟ್ ಬೇಕಿಲ್ಲ. ಆದರೆ ತುಂಬಾ ಜನ ಸೋಲ್ಡರನ್ನು ಬಿಟ್‌ನ (ಐರನ್ನಿನ ಬಿಸಿ ಮೂತಿಯ) ತುದಿಯಲ್ಲಿ ಕರಗಿಸಿಕೊಂಡು, ಆಮೇಲೆ ಜಾಗಕ್ಕೆ ಒಯ್ದು ಅಂಟಿಸುತ್ತಾರೆ. ದಾರಿಯಲ್ಲೇ ರೋಸಿನ್ ಸುಟ್ಟು ಹೋಗುತ್ತದೆ. ಬೆಸುಗೆ ಹಿಡಿಯುವುದಿಲ್ಲ, ಉಂಡೆಯಾಗುತ್ತದೆ. ಆಗ ಪೇಸ್ಟ್ ಬೇಕು ಅನಿಸುತ್ತದೆ! ಬಿಟ್ ಅನ್ನು ಪ್ಯಾಡಿಗೂ (ಬೋರ್ಡಿನ ತಾಮ್ರದ ಬೊಟ್ಟು) ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ. ಒಂದೆರಡು ಸೆಕೆಂಡ್ ಬಿಟ್ಟು ಎದುರು ಬದಿಯಿಂದ ತಂತಿ ಕೊಡಿ. ಸೋಲ್ಡರ್ ತಾನೇ ಹರಿದು ಕಾಲನ್ನು ಅಪ್ಪಿಕೊಳ್ಳಬೇಕು. ಮೊದಲು ತಂತಿ ತೆಗೆಯಿರಿ, ಆಮೇಲೆ ಐರನ್. ಬಿಸಿ ಹೊಂದಿಸುವ ಐರನ್ ಆದರೆ 330ರಿಂದ 350 ಡಿಗ್ರಿ ಸಾಕು. ತಲೆಯ ಮೇಲಿನ ಫ್ಯಾನ್ ಆಫ್ ಮಾಡಿಕೊಳ್ಳಿ.

ಕೆಲಸ ಮುಗಿದ ಮೇಲೆ ತೊಳೆಯಲೇಬೇಕು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಹಳೆಯ ಟೂತ್‌ಬ್ರಷ್ ಸಾಕು. ಉಜ್ಜಿ ಹಾಗೇ ಒಣಗಲು ಬಿಟ್ಟರೆ ಕೊಳೆ ಬೋರ್ಡ್ ತುಂಬಾ ಹರಡುತ್ತದೆ ಅಷ್ಟೇ. ಒದ್ದೆ ಇರುವಾಗಲೇ ಬಟ್ಟೆಯಿಂದ ಒರೆಸಿ, ಇನ್ನೊಮ್ಮೆ ಹೊಸ ಆಲ್ಕೋಹಾಲ್ ಹಾಕಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಇರುತ್ತದೆ. ಬೆಂಕಿ ಬೇಗ ಹಿಡಿಯುವ ವಸ್ತು ಇದು, ಐರನ್ ತಣ್ಣಗಾದ ಮೇಲೆಯೇ ಬಾಟಲಿ ತೆರೆಯಿರಿ. ‘ನೋ ಕ್ಲೀನ್’, ಅಂದರೆ ತೊಳೆಯಬೇಕಿಲ್ಲ ಅಂತ ಬರೆದ ಫ್ಲಕ್ಸನ್ನು ಕೂಡ ನಾನು ತೊಳೆಯುತ್ತೇನೆ. ಪೂರ್ತಿ ಬಿಸಿಯಾದಲ್ಲಿ ಮಾತ್ರ ಅದು ನಿರುಪದ್ರವಿ. ಕೈಯಲ್ಲಿ ಸುರಿದಾಗ ಅಂಚಿಗೆ ಹರಿದದ್ದು ಬಿಸಿಯಾಗಿರುವುದಿಲ್ಲ.

ಟ್ಯಾಂಕಿನ ಹತ್ತಿರ ಇಡುವ ಬೋರ್ಡಿಗೆ ತೊಳೆದು ಒಣಗಿಸಿದ ಮೇಲೆ ಅಕ್ರಿಲಿಕ್ ಕೋಟಿಂಗ್ ಸ್ಪ್ರೇ ಹೊಡೆಯಿರಿ. ಕನೆಕ್ಟರುಗಳಿಗೆ ಟೇಪ್ ಸುತ್ತಿಕೊಳ್ಳಿ. ತೊಳೆಯದೆ ಸ್ಪ್ರೇ ಹೊಡೆದರೆ ಕೊಳೆಗೆ ಹೊದಿಕೆ ಹೊದೆಸಿದ ಹಾಗಾಗುತ್ತದೆ.

ಪ್ರಶ್ನೆ: ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಮನೆಯಲ್ಲಿ ಅಕ್ಕನ ಸಣ್ಣ ಮಗು ಇದೆ. ಲೀಡ್ ಹೊಗೆ ವಿಷ, ಸೀಸ ಇಲ್ಲದ ಸೋಲ್ಡರೇ ಬಳಸು ಅಂತ ಅಮ್ಮ ಹೇಳುತ್ತಾರೆ. ಹೌದಾ?

ಉತ್ತರ: ಸೀಸ ವಿಷ ಅನ್ನುವುದು ನಿಜ, ಮಕ್ಕಳಿಗೆ ಇನ್ನೂ ಜಾಸ್ತಿ. ಅಮ್ಮನ ಆತಂಕ ಸರಿಯಾದದ್ದೇ. ಆದರೆ ಸೀಸ ದೇಹಕ್ಕೆ ಹೋಗುವುದು ಮುಖ್ಯವಾಗಿ ಕೈಯಿಂದ ಬಾಯಿಗೆ. ಸೀಸ ಕುದಿಯಲು 1,700 ಡಿಗ್ರಿಗೂ ಜಾಸ್ತಿ ಬೇಕು. ನಮ್ಮ ಐರನ್ ಅದರ ಹತ್ತಿರಕ್ಕೂ ಬರುವುದಿಲ್ಲ. ಏಳುವ ಹೊಗೆ ರೋಸಿನ್ನಿನದು. ಅದೂ ಒಳ್ಳೆಯದಲ್ಲ, ದಿನಾ ಉಸಿರಾಡಿದರೆ ಅಸ್ತಮಾ ತರಬಹುದು. ಸೀಸ ಇಲ್ಲದ ಸೋಲ್ಡರಿನಲ್ಲೂ ಹೊಗೆ ಇದ್ದೇ ಇರುತ್ತದೆ. ಹಳೆಯ ಕಂಪ್ಯೂಟರ್ ಫ್ಯಾನ್ ಒಂದನ್ನು ಕಿಟಕಿಯ ಕಡೆಗೆ ಗಾಳಿ ಎಳೆಯುವ ಹಾಗೆ ಇಟ್ಟುಕೊಳ್ಳಿ.

ಸೀಸ ಇಲ್ಲದ್ದರಲ್ಲಿ ತವರ, ಬೆಳ್ಳಿ, ತಾಮ್ರ ಸೇರಿದ ಜಾತಿ ಸುಮಾರು 217ರಿಂದ 220 ಡಿಗ್ರಿಯಲ್ಲಿ ಕರಗುತ್ತದೆ. ಬರೀ ತವರ ತಾಮ್ರದ್ದಾದರೆ 227. ಕಲಿಯುವ ಕೈಗೆ ಸ್ವಲ್ಪ ಕಷ್ಟ. ಮಗು ನೆಲದಲ್ಲಿ ಅಂಬೆಗಾಲಿಡುವ ಕೋಣೆಯಲ್ಲೇ ಕೆಲಸ ಮಾಡಬೇಕು ಅಂತಾದರೆ ಕಷ್ಟಪಟ್ಟಾದರೂ ಇದನ್ನೇ ಬಳಸಿ. ಬಾಗಿಲು ಹಾಕಿಕೊಳ್ಳುವ ಬೇರೆ ಕೋಣೆ ಇದ್ದರೆ 63/37ರಲ್ಲಿ ಕಲಿಯಿರಿ. ಕೆಳಗೆ ಟ್ರೇ ಇಟ್ಟುಕೊಳ್ಳಿ, ಬಿದ್ದ ಹನಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಗುಡಿಸಬೇಡಿ. ಮೇಜಿನ ಮೇಲೆ ಚಹಾ, ಗೋಳಿಬಜೆ ಬೇಡ. ಎದ್ದ ಕೂಡಲೇ ಸೋಪಿನಿಂದ ಕೈ ತೊಳೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ಪ್ರಶ್ನೆ: ಕುಂದಾಪುರದಲ್ಲಿ ಸಣ್ಣ ರಿಪೇರಿ ಕೆಲಸ ಮಾಡುತ್ತೇನೆ. ಹೊಸ ಸೆಟ್‌ಟಾಪ್ ಬಾಕ್ಸ್‌ಗಳ ಬೆಸುಗೆ ಎಷ್ಟು ಬಿಸಿ ಕೊಟ್ಟರೂ ಬಿಡುವುದಿಲ್ಲ. ಟ್ರ್ಯಾಕೇ ಎದ್ದು ಬರುತ್ತದೆ.

ಉತ್ತರ: ಅವು ಸೀಸ ಇಲ್ಲದ ಬೆಸುಗೆಗಳು. ಯುರೋಪಿನಲ್ಲಿ 2006ರ ಜುಲೈಯಿಂದ ಸೀಸಕ್ಕೆ ತಡೆ ಬಂದ ಮೇಲೆ ಕಾರ್ಖಾನೆಯ ಬೋರ್ಡುಗಳು ಹೆಚ್ಚಾಗಿ ಹೀಗೇ ಬರುತ್ತವೆ. ಬಿಸಿ ಏರಿಸಬೇಡಿ. ರೋಸಿನ್ ಫ್ಲಕ್ಸ್ ಹಚ್ಚಿ, ಅದೇ ಬೆಸುಗೆಗೆ ನಿಮ್ಮ 63/37 ತಂತಿಯನ್ನು ಸ್ವಲ್ಪ ಸೇರಿಸಿ. ಎರಡೂ ಬೆರೆತಾಗ ಕರಗುವ ಬಿಸಿ ಇಳಿಯುತ್ತದೆ. ಆಮೇಲೆ ತಾಮ್ರದ ಬ್ರೇಡಿನಿಂದ (ಕರಗಿದ ಸೋಲ್ಡರ್ ಹೀರುವ ಹೆಣೆದ ತಂತಿ) ಎಳೆಯಿರಿ. ಅಗಲವಾದ ಬಿಟ್ ಇದ್ದರೆ ಇನ್ನೂ ಸುಲಭ. ಚೂಪು ತುದಿ ಬಿಸಿಯನ್ನು ಬೇಗ ದಾಟಿಸುವುದಿಲ್ಲ.