ಕಾನೂನು ಪ್ರಶ್ನೋತ್ತರ: ಮರ ಹತ್ತುವವರ ಕಾಲಿಗೆ ಎಷ್ಟು ಪರಿಹಾರ?

ಪ್ರಶ್ನೆ: ಮೇಡಂ, ನನ್ನ ಗಂಡನಿಗೆ 38 ವರ್ಷ. ಅಡಿಕೆ ತೋಟಗಳಲ್ಲಿ ಮರ ಹತ್ತುವ ಕೆಲಸ. ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಮದ್ದು ಬಿಡುವುದು (ಸಿಂಪಡಿಸುವುದು), ಆಮೇಲೆ ಅಡಿಕೆ ಕೊಯ್ಯುವುದು. 2025ರ ಆಗಸ್ಟಿನಲ್ಲಿ ನನ್ನ ಅಣ್ಣನ ಸ್ಕೂಟರಿನ ಹಿಂದೆ ಕೂತು ಮಂಗಳೂರಿಗೆ ಹೋಗುವಾಗ ತೊಕ್ಕೊಟ್ಟಿನ ಹತ್ತಿರ ಬೆಂಗಳೂರಿನ ಕಾರೊಂದು ಗುದ್ದಿತು. ಬಲಗಾಲಿನ ಹಿಮ್ಮಡಿ ಎಲುಬು ಪುಡಿಯಾಗಿ ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಸುಮಾರು 1,90,000 ರೂಪಾಯಿ ಖರ್ಚಾಯಿತು. ಡಾಕ್ಟರು 18 ಪರ್ಸೆಂಟ್ ಊನ ಅಂದಿದ್ದಾರೆ. ಕಾರಿನವರ ಕಡೆಯ ಒಬ್ಬರು ಬಂದು ಎರಡೂವರೆ ಲಕ್ಷಕ್ಕೆ ಸಹಿ ಹಾಕಿ ಅಂತಾರೆ. ಹೆಲ್ಮೆಟ್ ಇರಲಿಲ್ಲವಲ್ಲ, ಕೋರ್ಟಿಗೆ ಹೋದರೆ ಅದೂ ಸಿಗಲ್ಲ ಅಂತ ಹೆದರಿಸ್ತಾರೆ. ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿ 12 ಲಕ್ಷ ಅಂದ. ಯಾವುದು ಸರಿ? ಕೇಸು ಮಂಗಳೂರಿನಲ್ಲೇ ಹಾಕಬೇಕಾ?
ಓದುಗರೊಬ್ಬರು, ಪೆರ್ಲ (ಕಾಸರಗೋಡು ಜಿಲ್ಲೆ, ಕೇರಳ)

ಉತ್ತರ: ತಂಗಿ, ಮೊದಲು ಆ ಸಹಿಯ ವಿಷಯ. ಹಾಕಬೇಡಿ.

ಎರಡೂವರೆ ಲಕ್ಷ ಅನ್ನುವ ಅಂಕಿ ಅವರಿಗೆ ಎಲ್ಲಿಂದ ಸಿಕ್ಕಿತೋ ನನಗೆ ಅಂದಾಜಿದೆ. ಮೋಟಾರು ವಾಹನ ಕಾಯ್ದೆಯ 164ನೇ ಕಲಂನಲ್ಲಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಿಗುವ ಹಣವಿದೆ. ಸತ್ತರೆ 5 ಲಕ್ಷ, ಗಂಭೀರ ಗಾಯವಾದರೆ ಎರಡೂವರೆ ಲಕ್ಷ. ಎಲುಬು ಮುರಿದರೆ ಕಾನೂನಿನ ಕಣ್ಣಲ್ಲಿ ಅದು ಗಂಭೀರ ಗಾಯವೇ. ಅಂದರೆ ವಾದವೇ ಇಲ್ಲದೆ ಬರುವ ಮೊತ್ತವನ್ನು ನಿಮಗೆ ಉಪಕಾರದ ಹಾಗೆ ತೋರಿಸುತ್ತಿದ್ದಾರೆ. ಅದನ್ನು ಒಪ್ಪಿಕೊಂಡರೆ, ತಪ್ಪು ಸಾಬೀತು ಮಾಡಿ ಪೂರ್ತಿ ಪರಿಹಾರ ಕೇಳುವ 166ನೇ ಕಲಂನ ದೊಡ್ಡ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಇದನ್ನು ಮಾತ್ರ ಅವರು ಹೇಳುವುದಿಲ್ಲ.

ಈಗ ಲೆಕ್ಕ. ಕಾಗದ, ಪೆನ್ನು ತೆಗೆದುಕೊಳ್ಳಿ.

ಆದಾಯದಿಂದ ಶುರು ಮಾಡೋಣ. ಮರ ಹತ್ತುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ದಾಖಲೆ ಇಲ್ಲದಿದ್ದರೆ ಕೋರ್ಟು ಒಂದು ಅಂದಾಜು ಆದಾಯ ಹಿಡಿಯುತ್ತದೆ. 2004ರಲ್ಲಿ ಗಾಯಗೊಂಡ ಕೂಲಿಯೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟು ತಿಂಗಳಿಗೆ 4,500 ರೂಪಾಯಿ ಅಂತ ಹಿಡಿಯಿತು. ಅದಕ್ಕೆ ವರ್ಷಕ್ಕೆ 500ರಂತೆ ಏರಿಸುತ್ತಾ ಬರುವುದು ನಮ್ಮ ಕೇರಳದ ಕೋರ್ಟುಗಳ ರೂಢಿ. ಆ ಲೆಕ್ಕದಲ್ಲಿ 2025ಕ್ಕೆ 15,000. ನಿಮ್ಮವರು ಮದ್ದು ಬಿಡುವ ಕಾಲದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ದುಡಿದಿರುತ್ತಾರೆ, ಗೊತ್ತು. ಆದರೆ ಸದ್ಯಕ್ಕೆ 15,000 ಇರಲಿ.

ವರ್ಷಕ್ಕೆ 1,80,000 ಆಯಿತು. ವಯಸ್ಸು 40ರ ಒಳಗೆ, ಸ್ವಂತ ದುಡಿಮೆ. ಮುಂದೆ ಆದಾಯ ಏರುತ್ತಿತ್ತು ಅನ್ನುವುದಕ್ಕೆ ಶೇಕಡಾ 40 ಸೇರಿಸಬೇಕು. 2017ರ ಪ್ರಣಯ್ ಸೇಠಿ ತೀರ್ಪು ಹಾಕಿಕೊಟ್ಟ ದಾರಿ ಅದು. ಗಾಯದ ಕೇಸಿಗೂ ಅದು ಅನ್ವಯ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈಗ 2,52,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಸರಳಾ ವರ್ಮಾ ಕೇಸಿನ ಪಟ್ಟಿಯಲ್ಲಿ 36ರಿಂದ 40 ವಯಸ್ಸಿಗೆ 15. ಒಟ್ಟು 37,80,000. ತೀರಿಹೋದವರ ಕೇಸಿನಲ್ಲಿ ಅವರ ಸ್ವಂತ ಖರ್ಚು ಅಂತ ಒಂದು ಪಾಲು ಕಳೆಯುತ್ತಾರೆ. ಗಾಯದ ಕೇಸಿನಲ್ಲಿ ಹಾಗೆ ಕಳೆಯುವ ಹಾಗಿಲ್ಲ.

ಅಂದರೆ ನಿಮ್ಮ ಕೇಸಿನಲ್ಲಿ ಊನದ ಒಂದೊಂದು ಪರ್ಸೆಂಟಿಗೆ 37,800 ರೂಪಾಯಿ. ಜಗಳವೆಲ್ಲ ಇನ್ನು ಈ ಪರ್ಸೆಂಟಿನ ಮೇಲೆ.

ಸರ್ಟಿಫಿಕೇಟು ತೆಗೆದು ನೋಡಿ. 18 ಅಂದರೆ ಕಾಲಿಗೆ 18 ಪರ್ಸೆಂಟಾ ಅಥವಾ ಇಡೀ ದೇಹಕ್ಕೆ 18 ಪರ್ಸೆಂಟಾ? ಕಾಲಿಗೆ ಅಂತ ಬರೆದಿದ್ದರೆ ಇನ್ಶೂರೆನ್ಸಿನವರ ವಕೀಲರು ಅದನ್ನು ಮೂರನೇ ಒಂದು ಮಾಡಿ 6 ಅನ್ನುತ್ತಾರೆ. ಆಗ 2,26,800. ಪೂರ್ತಿ 18 ಹಿಡಿದರೆ 6,80,400. ಆದರೆ ನಾವು ಅಲ್ಲಿಗೆ ನಿಲ್ಲಬಾರದು. ರಾಜ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಬಿಡಿಸಿ ಹೇಳಿದೆ. ಎಡಗೈ ಹೋದರೆ ಗುಮಾಸ್ತರಿಗೆ ಕೆಲಸ ಉಳಿಯಬಹುದು, ಡ್ರೈವರಿಗೆ ಉಳಿಯುವುದಿಲ್ಲ. ಆದ್ದರಿಂದ ಡಾಕ್ಟರು ಕೊಟ್ಟ ಪರ್ಸೆಂಟು ಬೇರೆ, ದುಡಿಮೆ ಎಷ್ಟು ಹೋಯಿತು ಅನ್ನುವ ಪರ್ಸೆಂಟು ಬೇರೆ. ಎರಡನೆಯದನ್ನು ತೀರ್ಮಾನಿಸುವುದು ಡಾಕ್ಟರಲ್ಲ, ನ್ಯಾಯಾಧೀಶರು.

ನಿಮ್ಮವರ ಕೆಲಸ ನೋಡಿ. ತಳೆ (ಮರ ಹತ್ತಲು ಪಾದಕ್ಕೆ ಹಾಕುವ ಬಳೆ) ಹಾಕಿದ ಪಾದದ ಮೇಲೆ ಇಡೀ ಮೈಭಾರ. ಮೇಲೆ ಹೋಗಿ ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟಬೇಕು. ಮಳೆಯಲ್ಲಿ ಮರ ಜಾರುತ್ತದೆ. ಹಿಮ್ಮಡಿಯಲ್ಲಿ ಸ್ಕ್ರೂ ಇರುವವರು ಇದನ್ನು ಮಾಡುವುದು ಹೇಗೆ? ಇದು ಪೆರ್ಲದಲ್ಲಿ ಎಲ್ಲರಿಗೂ ಗೊತ್ತು. ಆದರೆ ಬೇರೆ ಜಿಲ್ಲೆಯಿಂದ ಬಂದ ನ್ಯಾಯಾಧೀಶರು ಅಡಿಕೆ ಮರ ಹತ್ತುವುದನ್ನು ನೋಡಿರಲೇಬೇಕು ಅಂತೇನಿಲ್ಲ. ಮರ ಹತ್ತುವ ಒಂದು ಸಣ್ಣ ವಿಡಿಯೋ ಇದ್ದರೆ ನಿಮ್ಮ ವಕೀಲರಿಗೆ ಕೊಡಿ. ಸಾಕ್ಷಿ ಹೇಳುವಾಗ ನಿಮ್ಮವರು ಈ ಕೆಲಸವನ್ನು ಬಿಡಿಸಿ ವಿವರಿಸಬೇಕು. ಸುಮ್ನೆ ‘ಕೂಲಿ ಕೆಲಸ’ ಅಂತ ಅರ್ಜಿಯಲ್ಲಿ ಬರೆಸಿದರೆ ಅರ್ಧ ಕೇಸು ಅಲ್ಲೇ ಹೋಯಿತು.

ಪಾಟೀಸವಾಲಿನಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: ‘ಕೂತು ಅಡಿಕೆ ಸುಲಿಯಬಹುದಲ್ವಾ?’ ಹೌದು, ಸುಲಿಯಬಹುದು. ಅದಕ್ಕೇ ಪೂರ್ತಿ ನೂರು ಕೇಳಿದರೆ ಯಾರೂ ನಂಬುವುದಿಲ್ಲ. ಸುಲಿಯುವ ಸಂಬಳಕ್ಕೂ ಹತ್ತುವ ಸಂಬಳಕ್ಕೂ ಇರುವ ಅಂತರವನ್ನು ತೋರಿಸಬೇಕು. ನನ್ನ ಮಟ್ಟಿಗೆ ಶೇಕಡಾ 30 ಕೇಳುವುದು ನ್ಯಾಯ. ಅಲ್ಲಿಗೆ 11,34,000.

ಇದರ ಮೇಲೆ ಆಸ್ಪತ್ರೆ ಖರ್ಚು 1,90,000, ಆರು ತಿಂಗಳು ಮನೆಯಲ್ಲಿ ಕೂತದ್ದಕ್ಕೆ 90,000. ಕೂಡಿಸಿದರೆ ಕೆಟ್ಟ ಲೆಕ್ಕದಲ್ಲೂ 5 ಲಕ್ಷ ದಾಟುತ್ತದೆ, ಒಳ್ಳೆಯ ಲೆಕ್ಕದಲ್ಲಿ 14 ಲಕ್ಷ. ನೋವಿಗೆ, ಮೊದಲಿನ ಹಾಗೆ ನಡೆದಾಡಲು ಆಗದ್ದಕ್ಕೆ, ಆಸ್ಪತ್ರೆಯಲ್ಲಿ ಬೈಸ್ಟ್ಯಾಂಡರ್ ಆಗಿ ನೀವು ಜೊತೆಗೆ ಕೂತದ್ದಕ್ಕೆ, ಓಡಾಟದ ಬಾಡಿಗೆಗೆ ಬೇರೆ ಬೇರೆ ಮೊತ್ತ ಸೇರುತ್ತದೆ. ಪ್ಲೇಟು ತೆಗೆಯುವ ಆಪರೇಷನ್ ಇದ್ದರೆ ಅದರ ಅಂದಾಜು ಖರ್ಚನ್ನು ಡಾಕ್ಟರಿಂದ ಈಗಲೇ ಬರೆಸಿಕೊಳ್ಳಿ. ಪಕ್ಕದ ಮನೆಯ ಹುಡುಗನ 12 ಲಕ್ಷ ತೀರಾ ತಪ್ಪೇನಲ್ಲ. ಆದರೆ ಅವನ ಮೊಬೈಲು ಸಾಕ್ಷಿ ಹೇಳುವುದಿಲ್ಲವಲ್ಲ!

ಸಾಕ್ಷಿ ಅಂದಾಗ ನೆನಪಾಯಿತು. ನಿಮ್ಮವರು ಹೋಗುತ್ತಿದ್ದ ತೋಟದವರಲ್ಲಿ ಯಾರಾದರೂ ನೋಟ್‌ಬುಕ್ಕಿನಲ್ಲಿ ‘ಮದ್ದು, 2 ಆಳು’ ಅಂತ ತಾರೀಕು, ಸಂಬಳ ಬರೆದಿಟ್ಟಿರುತ್ತಾರೆ. ಆ ಪುಟ ಬೇಕು, ಅವರು ಕೋರ್ಟಿಗೆ ಬರುವುದೂ ಬೇಕು. ಬರೀ ಪತ್ರ ಸಾಲದು. ಗೂಗಲ್ ಪೇಯಲ್ಲಿ ಸಂಬಳ ಬಂದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟು ತೆಗೆಸಿ. ಆದಾಯ 20,000 ಅಂತ ಸಾಬೀತಾದರೆ ಒಂದು ಪರ್ಸೆಂಟಿನ ಬೆಲೆ 50,400ಕ್ಕೆ ಏರುತ್ತದೆ. ಮೆಡಿಕಲ್ ಅಂಗಡಿಯ ನುಣುಪು ಕಾಗದದ ಬಿಲ್ಲುಗಳನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ವಿಚಾರಣೆಗೆ ಬರುವಷ್ಟರಲ್ಲಿ ಅಕ್ಷರ ಅಳಿಸಿ ಬಿಳಿ ಹಾಳೆ ಆಗಿರುತ್ತದೆ. ಮೂಲ ಬಿಲ್ಲನ್ನೂ ಎಸೆಯಬೇಡಿ.

ಹೆಲ್ಮೆಟ್ಟಿನ ಹೆದರಿಕೆ ಬಿಡಿ. ತಲೆಗೆ ಪೆಟ್ಟಾಗಿದ್ದರೆ ಆ ಮಾತಿಗೆ ಬೆಲೆ ಇತ್ತು. ಹಿಮ್ಮಡಿಗೆ ಯಾರಾದರೂ ಹೆಲ್ಮೆಟ್ ಹಾಕುತ್ತಾರಾ? ಸ್ಕೂಟರ್ ಓಡಿಸಿದ ಅಣ್ಣನದೂ ಸ್ವಲ್ಪ ತಪ್ಪು ಅಂತ ಬಂದರೂ ಹಿಂದೆ ಕೂತವರ ಪಾಲು ಕಡಿಮೆಯಾಗುವುದಿಲ್ಲ. ಎರಡು ವಾಹನಗಳ ತಪ್ಪಿದ್ದರೆ ಯಾರಿಂದಲಾದರೂ ಪೂರ್ತಿ ಕೇಳಬಹುದು ಅಂತ 2015ರಲ್ಲೇ ಸುಪ್ರೀಂ ಕೋರ್ಟಿನ ತೀರ್ಪಾಗಿದೆ.

ಕೇಸಿಗೆ ಮಂಗಳೂರಿಗೆ ಹೋಗಬೇಕಾಗಿಲ್ಲ. ಅಪಘಾತ ಗಡಿಯ ಆಚೆ ಆಗಿದ್ದರೂ ನೀವು ಇರುವ ಜಾಗದ ಟ್ರಿಬ್ಯುನಲ್‌ಗೆ (ಅಪಘಾತ ಪರಿಹಾರದ ಕೋರ್ಟಿಗೆ) ಅಧಿಕಾರವಿದೆ. ಕಾಸರಗೋಡಿನ ವಿದ್ಯಾನಗರದಲ್ಲೇ ಹಾಕಿ. ಇಲ್ಲೊಂದು ಗಡಿನಾಡಿನ ತಾಪತ್ರಯವಿದೆ. ಆಚೆಯ ಪೊಲೀಸರ ಎಫ್‌ಐಆರ್, ಮಹಜರು, ಚಾರ್ಜ್‌ಶೀಟು ಕನ್ನಡದಲ್ಲಿರುತ್ತವೆ. ನಮಗೆ ಅದು ಸುಲಭ, ಕೋರ್ಟು ಭಾಷಾಂತರ ಕೇಳಬಹುದು. ಮಂಗಳೂರಿನ ಡಾಕ್ಟರು ಸಾಕ್ಷಿಗೆ ಬರಲು ಹಿಂಜರಿದರೆ ಇಲ್ಲಿ ಮೆಡಿಕಲ್ ಬೋರ್ಡಿಗೆ ಕಳಿಸಿ ಅಂತ ಅರ್ಜಿ ಕೊಡಬಹುದು.

ಅವಸರ ಇರುವುದು ದಿನದ್ದು. ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆಯಲ್ಲಿದೆ. ಈ ಗಡುವಿನ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ, ನಿಜ. ಅದನ್ನು ನಂಬಿ ಕೂರಬೇಡಿ. ನಿಮ್ಮ ಆರು ತಿಂಗಳು ಮುಗಿಯುವುದು 2026ರ ಫೆಬ್ರವರಿಗೆ. ಬಡ್ಡಿ ಲೆಕ್ಕ ಶುರುವಾಗುವುದೂ ಅರ್ಜಿ ಹಾಕಿದ ದಿನದಿಂದಲೇ. ರಾಜಿ ಬೇಕಾದರೆ ಆಮೇಲೆ ಲೋಕ ಅದಾಲತ್ತಿನಲ್ಲಿ ಮಾತಾಡಿ. ಅಲ್ಲಿ ಒಪ್ಪಿದ್ದಕ್ಕೆ ಅಪೀಲು ಇಲ್ಲ ಅನ್ನುವುದು ನೆನಪಿರಲಿ.

ಪ್ರಶ್ನೆ: ರಾತ್ರಿ ನಡೆದು ಬರುವಾಗ ಕಾರು ಗುದ್ದಿ ನಿಲ್ಲಿಸದೆ ಹೋಯಿತು. ಕೈ ಮುರಿದಿದೆ. ನಂಬರ್ ಗೊತ್ತಿಲ್ಲ. ಏನೂ ಸಿಗಲ್ವಾ?
ಓದುಗರು, ಮುಳ್ಳೇರಿಯ

ಉತ್ತರ: ಸಿಗುತ್ತದೆ, ಜಾಸ್ತಿ ಏನಿಲ್ಲ. ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೆ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಇದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆ. ಕೋರ್ಟು ಬೇಡ, ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ. ಆದರೆ ಪೊಲೀಸರಲ್ಲಿ ಎಫ್‌ಐಆರ್ ಆಗಿರಲೇಬೇಕು. ಅದಕ್ಕೂ ಮೊದಲು ದಾರಿಯಲ್ಲಿರುವ ಅಂಗಡಿ, ಪೆಟ್ರೋಲ್ ಪಂಪಿನ ಸಿಸಿಟಿವಿ ನೋಡಲು ಪೊಲೀಸರಿಗೆ ಬರೆದು ಕೊಡಿ. ಹಳೆಯ ದೃಶ್ಯ ತಾನಾಗಿಯೇ ಅಳಿಸಿಹೋಗುತ್ತದೆ. ಕಾರು ಸಿಕ್ಕಿಬಿದ್ದರೆ ನಿಮ್ಮದೂ ಮೇಲಿನ ಲೆಕ್ಕವೇ.