ಕೇಳ್ರಿ ಹೇಳ್ತೀನಿ: ಸೆನ್ಸರ್ ಲೈಟು, ಕ್ಯಾಮೆರಾ ಮತ್ತ ನಮ್ಮ ಬಿಸಲು

ಪ್ರಶ್ನೆ: ಸರ್, ನಮ್ದು ಗಂಗಾವತಿಯಾಗ ಅಕ್ಕಿ ಅಂಗಡಿ ಐತ್ರಿ, ಹಿಂದ ತಗಡಿನ ಶೆಡ್ಡಿನ ಗೋದಾಮು. ಒಳಗ ಒಂದು ಕ್ಯಾಮೆರಾ ಹಾಕ್ಸೀವಿ. ರಾತ್ರಿ ವಿಡಿಯೋ ಕಪ್ಪು-ಬಿಳುಪು ಬರ್ತೈತಿ, ಹತ್ರ ಬಂದೋರ ಮಾರಿ ಸುಣ್ಣ ಬಳದಂಗ ಕಾಣ್ತೈತಿ, ಯಾರು ಅಂತ ಗುರ್ತ ಹತ್ತವಲ್ದು. ಮಂದಿ ಓಡಾಡಿದ್ರ ತಾನ ಹತ್ತೋ ಲೈಟ್ ಹಾಕ್ರಿ ಅಂದ್ರು. ಅಂಗಡಿಗೆ ಹೋದ್ರ ಪಿಐಆರ್ ಬೇಕಾ ರಾಡಾರ್ ಬೇಕಾ ಅಂತ ಕೇಳ್ತಾರ. ಯಾವ್ದು ತಗೊಳ್ಳೋಣ್ರಿ?

ಉತ್ತರ: ಹೆಸರು ಬ್ಯಾಡ ಅಂದೀರಿ, ಹಾಕಿಲ್ಲ. ಮೊದ್ಲು ಆ ಸುಣ್ಣದ ಮಾರಿ ವಿಷ್ಯ. ಕತ್ತಲಾದ ಮ್ಯಾಲೆ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ಎಲ್‌ಇಡಿ, ಅಂದ್ರ ನಮ್ಮ ಕಣ್ಣಿಗೆ ಹೆಚ್ಚು ಕಡಿಮಿ ಕಾಣದ ಬೆಳಕು, ಹಚ್ಕೊಂತದ. 850 ನ್ಯಾನೋಮೀಟರ್‌ದು ಇದ್ರ ಸಣ್ಣಗ ಕೆಂಪಗ ಮಿಣಮಿಣ ಅಂತದ, 940ರದು ನಮ್ಮ ಕಣ್ಣಿಗೆ ಏನೂ ಕಾಣಂಗಿಲ್ಲ. ಆ ಬೆಳಕು ಹತ್ರ ಇದ್ದೋರ ಮಾರಿ ಮ್ಯಾಲೆ ಅತಿಯಾಗಿ ಬಿದ್ದು ಬೆಳ್ಳಗ ಹೊಡಿತದ. ಬಣ್ಣ ಅಂತೂ ಕೇಳಬ್ಯಾಡ್ರಿ, ಎಷ್ಟೋ ಕರೀ ಬಟ್ಟೆ ಅದ್ರಾಗ ಬೂದಿ ಬಣ್ಣಕ್ಕೋ ಬೆಳ್ಳಗೋ ಕಾಣ್ತಾವ, ನೀವು ಹೋಗಿ ಬಿಳಿ ಪ್ಯಾಂಟ್ ಹಾಕಿದ್ದ ಅಂತ ಕಂಪ್ಲೇಂಟ್ ಕೊಟ್ಟು ಕುಂತೀರಿ. ಅದಕ್ಕ ಕಣ್ಣಿಗೆ ಕಾಣೋ ಲೈಟ್ ಬೇಕು ಅನ್ನೋದು ಖರೇನ.

ಈಗ ಪಿಐಆರ್. ಇದು ಮಂದಿನ್ನ ನೋಡಂಗಿಲ್ಲ, ಮೈಯಾಗಿನ ಕಾವು ಜಾಗ ಬದಲ್ಸೋದನ್ನ ನೋಡ್ತದ. ಅಂದ್ರ ಮೈ ಕಾವಿಗೂ ಹಿಂದಿನ ಗ್ವಾಡಿ ಕಾವಿಗೂ ಫರಕ್ ಇದ್ರ ಮಾತ್ರ ಅದ್ರ ಕೆಲ್ಸ. ನಮ್ಮ ಕಡೆ ಕತಿ ಇರೋದೇ ಇಲ್ಲಿ. ನಮ್ಮ ಚರ್ಮ ಸುಮಾರು 33-34 ಡಿಗ್ರಿ ಇರ್ತದ, ಮೇ ತಿಂಗಳ ರಾತ್ರಿ ತಗಡಿನ ಶೆಡ್ಡಿನೊಳಗ ಗ್ವಾಡಿ, ಚೀಲ, ನೆಲ ಎಲ್ಲಾ ಹಗಲು ಕುಡದ ಬಿಸಲು ಕಾರ್ಕೊಂತ ಹೆಚ್ಚು ಕಡಿಮಿ ಅಷ್ಟೇ ಕಾವಿಗೆ ಬಂದಿರ್ತಾವ, ಆಗ ಸೆನ್ಸರ್‌ಗೆ ಮನುಷ್ಯ ಯಾವ್ದು ಅಕ್ಕಿ ಚೀಲ ಯಾವ್ದು ಗೊತ್ತಾಗಂಗಿಲ್ಲ. ಡಿಸೆಂಬರ್‌ದಾಗ ಆರು ಮೀಟರ್ ದೂರದಾಗ ಹಿಡಿಯೋದು ಬ್ಯಾಸಗಿಯಾಗ ಅರ್ಧಕ್ಕ ಬಂದ್ರೂ ಬಂತು. ಡಬ್ಬಿ ಮ್ಯಾಲೆ ಬರ್ದಿರೋ ಮೀಟರ್ ನಂಬಿ ಇಡೀ ಗೋದಾಮಿಗೆ ಒಂದೇ ಹಾಕಿದ್ರಿ ಅಂದ್ರ ಕೆಟ್ರಿ.

ರಾಡಾರ್‌ಗೆ ಕಾವಿನ ಸಂಬಂಧ ಇಲ್ಲ, ಅದು ಹೆಚ್ಚಾಗಿ 5.8 ಗಿಗಾಹರ್ಟ್ಸ್ ರೇಡಿಯೋ ತರಂಗ ಬಿಟ್ಟು ಅಲುಗಾಡಿದ್ದೆಲ್ಲಾ ಹಿಡಿತದ, ಬಿಸಲಿಗೂ ಕ್ಯಾರೇ ಅನ್ನಂಗಿಲ್ಲ. ಆದ್ರ ಎಲ್ಲಾ ಹಿಡಿಯೋದೇ ಅದ್ರ ಕಾಟ. ಫ್ಯಾನ್ ತಿರುಗಿದ್ರ ಹತ್ತತದ, ಕಿಟಕಿ ಗಾಜು, ಮರದ ಬಾಗ್ಲು, ತೆಳು ಗ್ವಾಡಿ ದಾಟಿ ಹೊರಗ ಹೋಗೋ ಬೈಕಿಗೂ ಹತ್ತತದ. ಕಬ್ಬಿಣದ ಶಟರ್, ತಗಡು ಇದ್ರ ಅದನ್ನ ದಾಟಂಗಿಲ್ಲ, ಹಂಗಾಗಿ ನಿಮ್ಮಂಥ ತಗಡಿನ ಶೆಡ್ಡಿಗೆ, ರಾತ್ರಿ ಎಗ್ಸಾಸ್ಟ್ ಫ್ಯಾನ್ ಬಂದ್ ಮಾಡ್ತೀರಿ ಅಂದ್ರ, ನಾನು ರಾಡಾರ್ ಅಂತೀನಿ. ಸೆನ್ಸಿಟಿವಿಟಿ ಕಡಿಮಿ ಇಡ್ರಿ, ಇಲ್ಲಂದ್ರ ಹೆಗ್ಗಣಕ್ಕೆಲ್ಲಾ ಲೈಟು. ಶಟರ್ ಹತ್ರ ಬೇಕಾದ್ರ ಒಂದು ಪಿಐಆರ್ ಇರ್ಲಿ, ಅದನ್ನ ಬರೋ ದಾರಿಗೆ ಅಡ್ಡ ನೋಡೋ ಹಂಗ ಗ್ವಾಡಿಗೆ ಕೂಡ್ಸ್ರಿ. ಪಿಐಆರ್ ಎದುರಿಗೆ ನೆಟ್ಟಗ ನಡ್ಕೊಂಡು ಬರೋರನ್ನ ತಡವಾಗಿ ಹಿಡಿತದ, ಅಡ್ಡ ದಾಟಿದ್ರ ಥಟ್ಟನ ಹಿಡಿತದ. ನಾನೇ ನಮ್ಮ ಮನಿ ಪಡಸಾಲಿಯಾಗ ಬಾಗ್ಲಿಗೆ ನೆಟ್ಟಗ ಮಾರಿ ಮಾಡಿ ಹೊಡ್ದಿದ್ದೆ, ಬಂದೋರು ಒಳಗ ಬಂದು ಚಪ್ಲಿ ಬಿಟ್ಟು ತಿರುಗಿದ ಮ್ಯಾಲೆ ಲೈಟ್ ಹತ್ತೋದು, ವಿಡಿಯೋದಾಗ ಬರೇ ಬೆನ್ನು. ಒಂದು ವಾರ ಎಲ್ಲಾರ ಬೆನ್ನು ನೋಡಿ ಬಿಚ್ಚಿ ಬಾಜೂ ಗ್ವಾಡಿಗೆ ಹಾಕ್ದೆ. ಬೆಕ್ಕು ಓಡಾಡಿದ್ರೂ ಹತ್ತತಿತ್ತು, ಅದಕ್ಕ ಲೆನ್ಸಿನ ಕೆಳಗಿನ ಅಂಚಿಗೆ ಕರೀ ಇನ್ಸುಲೇಷನ್ ಟೇಪ್ ಅಂಟಿಸ್ದೆ, ಐದು ರೂಪಾಯಿ ಖರ್ಚು ಸೈತ ಇಲ್ಲ.

ಮತ್ತ ಲೈಟು ಕ್ಯಾಮೆರಾ ಇರೋ ಕಡಿಂದ ಮುಂದಕ್ಕ ಬೀಳ್ಬೇಕು, ಕ್ಯಾಮೆರಾದ ಬಾಜೂಕ ಅಥವಾ ಸ್ವಲ್ಪ ಹಿಂದಕ್ಕ ಮ್ಯಾಲೆ. ಎದುರು ಗ್ವಾಡಿಗೆ ಹಾಕಿದ್ರ ಬಂದೋನ ಬೆನ್ನ ಹಿಂದ ಬೆಳಕು, ಮಾರಿ ಮಸಿ. ಹಾಕೋ ಮೊದ್ಲು ಚೀಲದ ನಿಟ್ಟು ಎಷ್ಟು ಎತ್ರಕ್ಕ ಬರ್ತದ ನೋಡ್ರಿ, ಸುಗ್ಗಿಯಾಗ ಮಾಡು ಮುಟ್ಟತಾವಲ್ಲ, ಆಗ ಸೆನ್ಸರ್ ಚೀಲದ ಹಿಂದ ಕಣ್ಣು ಮುಚ್ಚಾಲಿ ಆಡ್ತಿರ್ತದ.

ಪ್ರಶ್ನೆ: ಬಳ್ಳಾರಿಲಿ ಮನೇಲೇ ಜೀನ್ಸ್ ಹೊಲಿಯೋ ಯೂನಿಟ್ ಐತೆ ಸರ್, ನಾಲ್ಕು ಮಿಷನ್. ಸೆನ್ಸರ್ ಬಲ್ಬ್ ಹಾಕಿದ್ದೀವಿ. ಲೈಟ್ ಹತ್ತಿದ ತಕ್ಷಣ ವಿಡಿಯೋ ಎರಡು ಮೂರು ಸೆಕೆಂಡ್ ಪೂರ್ತಿ ಬೆಳ್ಳಗಾಗ್ತೈತೆ, ಆಮೇಲೆ ಪಟ್ಟಿ ಪಟ್ಟಿ ಓಡ್ತವೆ. ಕರೆಂಟ್ ಹೋಗಿ ಬಂದಾಗೆಲ್ಲಾ ಮೊಬೈಲ್‌ಗೆ ಕಳ್ಳ ಬಂದಂಗೆ ಅಲರ್ಟ್. ಕ್ಯಾಮೆರಾ ಕೆಟ್ಟೈತಾ?

ಉತ್ತರ: ಕೆಟ್ಟಿಲ್ಲ. ಲೈಟ್ ಹತ್ತಿದ ಕೂಡ್ಲೆ ಕ್ಯಾಮೆರಾ ರಾತ್ರಿ ಮೋಡಿಂದ ಕಲರ್‌ಗೆ ಬರ್ತದ, ಒಳಗ ಒಂದು ಸಣ್ಣ ಫಿಲ್ಟರ್ ಟಕ್ ಅಂತ ಸರೀತದ, ಕಿವಿಗೊಟ್ರ ಕೇಳ್ತದ, ಹೊಸ ಬೆಳಕಿಗೆ ಹೊಂದ್ಕೊಳ್ಳೋತನಕ ವಿಡಿಯೋ ಬೆಳ್ಳಗ, ಅಷ್ಟೊತ್ತಿಗೆ ಕಳ್ಳ ಅನ್ನೋನು ಇದ್ರ ಕತ್ರಿ ಎತ್ಕೊಂಡು ಹೋಗಿರ್ತಾನ. ಪಟ್ಟಿ ಓಡೋದು ಅಗ್ಗದ ಬಲ್ಬಿಂದು. ನಮ್ಮ ಕರೆಂಟ್ 50 ಹರ್ಟ್ಸ್, ಡ್ರೈವರ್ (ಬಲ್ಬಿನೊಳಗ ಕರೆಂಟ್ ಹದ ಮಾಡೋ ಸರ್ಕ್ಯೂಟ್) ಚಲೋ ಇಲ್ಲದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕ್ತದ. ಕ್ಯಾಮೆರಾ ಸೆಟ್ಟಿಂಗಿನಾಗ 60 ಹರ್ಟ್ಸ್ ಅಂತ ಇದ್ರ 50ಕ್ಕ ಹಾಕ್ರಿ, ಅಷ್ಟಕ್ಕೂ ನಿಲ್ಲಿಲ್ಲಂದ್ರ ಬಲ್ಬ್ ಬದಲ್ಸ್ರಿ. ಕರೆಂಟ್ ಬಂದಾಗ ಹತ್ತೋದು, ಸೆನ್ಸರ್ ಎದ್ದು ಕಣ್ಣು ಉಜ್ಕೊಳ್ಳೋ ಟೈಮು, ಆ ಬೆಳಕು ನೋಡಿ ಕ್ಯಾಮೆರಾ ಯಾರೋ ಬಂದ್ರು ಅನ್ಕೊಂತದ, ಅರ್ಧ ನಿಮಿಷಕ್ಕ ಸೆನ್ಸರ್ ತಾನ ಸುಮ್ಮನಾಗ್ತದ. ಕಾಟ ಜಾಸ್ತಿ ಅನಿಸಿದ್ರ ಲೈಟು, ಕ್ಯಾಮೆರಾ ಎರಡೂ ಇನ್ವರ್ಟರ್ ಲೈನಿಗೆ ಹಾಕ್ರಿ.

ಆದ್ರ ಖರೇ ಹೇಳ್ಲ್ಯಾ, ನಾಲ್ಕು ಮಿಷನ್ನಿನ ರೂಮಿಗೆ ಸೆನ್ಸರೇ ಬ್ಯಾಡ. 5 ವ್ಯಾಟಿನ ಒಂದು ಬಲ್ಬ್ ರಾತ್ರಿ 12 ತಾಸು ಉರದ್ರೂ ತಿಂಗಳಿಗೆ 1.8 ಯೂನಿಟ್ ಅಷ್ಟೇ. ಕ್ಯಾಮೆರಾ ಕಲರ್ ಮೋಡಿನಾಗ ಲಾಕ್ ಮಾಡಿಬಿಡ್ರಿ, ಬೆಳ್ಳಗಾಗೋದೂ ಇಲ್ಲ, ತಪ್ಪು ಅಲರ್ಟೂ ಕಡಿಮಿ. 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತಿ, ಕಡಿಮಿ ಇದ್ರ ಹಳದಿ, ಹೆಚ್ಚಿದ್ರ ಬಿಳಿ) ಬಲ್ಬ್ ತಗೊಂಡ್ರ ನೀಲಿ ಜೀನ್ಸ್ ಯಾವ್ದು ಕರೇದು ಯಾವ್ದು ವಿಡಿಯೋದಾಗೂ ತಿಳೀತದ. ಸೆನ್ಸರ್ ಮಾರೋರು ಈ ಮಾತು ಹೇಳಂಗಿಲ್ಲ ಬಿಡ್ರಿ.

ಪ್ರಶ್ನೆ: ಸಿಂಧನೂರಿಂದ ಬರೀತೀನ್ರಿ. ಅತ್ತಿಯವ್ರು ರಾತ್ರಿ ಎದ್ದು ಬಚ್ಚಲಕ್ಕ ಹೋಗ್ತಾರ. ಕ್ಯಾಮೆರಾ ಇರೋ ಪಡಸಾಲಿಯಾಗ ಸೆನ್ಸರ್ ಲೈಟ್ ಹತ್ತಿದ್ರ ಕಣ್ಣು ಕುಕ್ಕತದ ಅಂತಾರ. ಹಳೇ ಮನಿ, ಸ್ವಿಚ್ ಬೋರ್ಡಿನಾಗ ಸೆನ್ಸರ್ ಕೂಡಂಗಿಲ್ಲ ಅಂತ ವೈರಿಂಗಿನೋರು ಹೇಳ್ತಾರ.

ಉತ್ತರ: ವೈರಿಂಗಿನೋರು ಸರಿ ಹೇಳ್ಯಾರವ್ವ, ಎಷ್ಟೋ ಹಳೇ ಬೋರ್ಡಿನಾಗ ನ್ಯೂಟ್ರಲ್, ಅಂದ್ರ ಕರೆಂಟ್ ವಾಪಸ್ ಹೋಗೋ ವೈರ್, ಇರಂಗಿಲ್ಲ. ಬಲ್ಬಿನ ಹೋಲ್ಡರಿನಾಗ ಎರಡೂ ವೈರ್ ಇರ್ತಾವ, ಸೆನ್ಸರ್ ಒಳಗೇ ಇರೋ ಬಲ್ಬ್ ತಗೊಂಡು ಅಲ್ಲಿ ಹಾಕಿ ಸ್ವಿಚ್ ಯಾವಾಗ್ಲೂ ಆನ್ ಇಡ್ರಿ. ಬಿಳೀ 6500 ಕೆಲ್ವಿನ್ ಬ್ಯಾಡ, 2700 ಇಲ್ಲ 3000ದ್ದು, ಹಳದಿ ಬೆಳಕಿಂದು. ಅತ್ತಿಯವ್ರಿಗೆ ಅಂತ ಬಚ್ಚಲ ದಾರಿಗುಂಟ ಗೇಣುದ್ದ ಎತ್ರದಾಗ ಒಂದು ಸಣ್ಣ ಬ್ಯಾಟರಿ ಸೆನ್ಸರ್ ಲೈಟ್ ಅಂಟಿಸ್ರಿ, ಹೊಸ್ತಿಲ ಹತ್ರ ಒಂದು ಮರೀಬ್ಯಾಡ್ರಿ, ಮುದುಕ್ರು ಎಡವೋದು ಅಲ್ಲೇ. ಮತ್ತ ಆ ಕ್ಯಾಮೆರಾ ಅವ್ರು ಮಲಗೋ ಕಡೆ ತಿರುಗಿದ್ರ ಇವತ್ತೇ ಬಾಗ್ಲಿನ ಕಡೆ ತಿರುಗಿಸ್ರಿ.