ಬ್ಲೂಬೆರಿ ತೋಟಕ್ಕೆ ಹೊರಡುವ ಮುಂಚೆ

ಇಬ್ಬರು ಪುಟ್ಟ ಮಕ್ಕಳ ಜೊತೆ, ನಾವೇ ಹಣ್ಣು ಬಿಡಿಸಿಕೊಳ್ಳುವ ಬ್ಲೂಬೆರಿ ತೋಟಕ್ಕೆ ಹೋಗಬೇಕು, ಏನೇನು ತಯಾರಿ ಬೇಕು ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಗಿಡಕ್ಕೆ ಮುಳ್ಳಿಲ್ಲ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲೂ ಹಣ್ಣಿರುತ್ತದೆ.

ಹೊರಡುವ ಮುಂಚೆ ತೋಟದವರಿಗೆ ಒಂದು ಫೋನ್ ಮಾಡಿ. ಹಿಂದಿನ ದಿನ ಜನ ಜಾಸ್ತಿ ಬಂದಿದ್ದರೆ ಮಾಗಿದ್ದೆಲ್ಲ ಖಾಲಿಯಾಗಿರುತ್ತದೆ. ನಾವು ಒಮ್ಮೆ ಸುಮ್ನೆ ಹೋಗಿ, ಮುಚ್ಚಿದ ಗೇಟು ನೋಡಿ ವಾಪಸ್ ಬಂದೆವು. ಮಕ್ಕಳು ದಾರಿಯುದ್ದಕ್ಕೂ ಅತ್ತರು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವುದರೊಳಗೆ ಹೋದರೆ ಒಳ್ಳೆಯದು. ಒದ್ದೆ ಹಣ್ಣು ಬೇಗ ಬೂಸ್ಟು ಹಿಡಿಯುತ್ತದೆ.

ಇನ್ನು ಕೀಳುವ ವಿಷಯ. ನೀಲಿ ಕಂಡ ತಕ್ಷಣ ಕೈ ಹಾಕಬೇಡಿ. ಬಾಳೆಹಣ್ಣಿನ ಹಾಗೆ ಇದು ಮನೆಗೆ ತಂದ ಮೇಲೆ ಸಿಹಿಯಾಗುವುದಿಲ್ಲ. ಒಂದೇ ಗೊಂಚಲಲ್ಲಿ ಹಸಿರು, ಗುಲಾಬಿ, ನೀಲಿ ಮೂರೂ ಇರುತ್ತವೆ. ತೊಟ್ಟಿನ ಬುಡ ನೋಡಿ, ಅಲ್ಲಿ ಕೆಂಪು ಉಳಿದಿದ್ದರೆ ಇನ್ನೂ ಹುಳಿ. ಗೊಂಚಲಿನ ಕೆಳಗೆ ಅಂಗೈ ಒಡ್ಡಿ, ಹೆಬ್ಬೆರಳಿಂದ ಮೆಲ್ಲಗೆ ಸವರಿ. ಮಾಗಿದ್ದು ತಾನಾಗಿ ಉದುರುತ್ತದೆ, ಎಳೆಯಬೇಕಾಗಿ ಬಂದದ್ದು ದೋರೆಗಾಯಿ. ನನ್ನ ಮಗಳು ಮೊದಲ ಸಲ ಹೀಗೆ ಮಾಡಿ, "ಅಮ್ಮಾ, ತಾನೇ ಬಿತ್ತು!" ಅಂತ ಅಂಗೈ ಚಾಚಿದ್ದಳು. ನಾಲ್ಕು ಹಣ್ಣು, ಮೇಲಿನ ಬಿಳಿ ಪುಡಿ ಚೂರೂ ಅಳಿಸಿರಲಿಲ್ಲ. ಆ ಪುಡಿ ಹಣ್ಣಿನದೇ ಮೇಣ, ಒಳಗಿನ ತೇವ ಆರದ ಹಾಗೆ ಕಾಯುತ್ತದೆ. ಅದನ್ನು ಉಜ್ಜಬೇಡಿ.

ಸಣ್ಣ ಬಕೆಟ್ಟನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡರೆ ಎರಡೂ ಕೈ ಬಿಡುವಾಗುತ್ತವೆ. ಮನೆಗೆ ತರಲು ಮಾತ್ರ ಅಗಲವಾದ, ತಗ್ಗಾದ ಡಬ್ಬಿ ಇರಲಿ. ಎತ್ತರದ ಪಾತ್ರೆಯಲ್ಲಿ ತುಂಬಿದರೆ ತಳದ ಹಣ್ಣು ಜಜ್ಜಿಹೋಗುತ್ತದೆ. ಟೋಪಿ, ನೀರು ಹೇಗೂ ಒಯ್ಯುತ್ತೀರಿ ಅಲ್ವಾ.

ಮಕ್ಕಳಿಗೆ ಹೇಳಲು ಒಂದು ಕಥೆಯೂ ಇದೆ. ನೂರು ವರ್ಷಕ್ಕೂ ಹಿಂದೆ, 1900ರ ಹೊತ್ತಿಗೆ ಇದು ಬರೀ ಕಾಡುಹಣ್ಣು. ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಅವರು ದಪ್ಪ ಹಣ್ಣಿನ ಗಿಡ ಹುಡುಕಿಕೊಟ್ಟ ಊರಿನವರಿಗೆ ದುಡ್ಡು ಕೊಟ್ಟರು, ಗಿಡಕ್ಕೆ ಹುಡುಕಿದವರದೇ ಹೆಸರಿಟ್ಟರು. ವಿಜ್ಞಾನಿ ಫ್ರೆಡರಿಕ್ ಕೊವಿಲ್ ಜೊತೆ ಸೇರಿ ಬೆಳೆದ ಮೊದಲ ಫಸಲನ್ನು 1916ರಲ್ಲಿ ಮಾರಿದರು. ಆಗಿನ ರೂಬೆಲ್ ತಳಿ ಈಗಲೂ ಇದೆ, ತೋಟದವರನ್ನು ಕೇಳಿ ನೋಡಿ.

ಮನೆಗೆ ಬಂದ ಕೂಡಲೇ ತೊಳೆಯಬೇಡಿ, ತಿನ್ನುವಾಗ ತೊಳೆದರೆ ಸಾಕು. ಜಾಸ್ತಿ ಉಳಿದರೆ ಹಾಗೇ ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರಿನಲ್ಲಿಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.